ಕೈಬಿಟ್ಟ ಸ್ಟೀರಿಂಗ್, ಬಿಡಲಾಗದ ನಿಗಾ

2024ರ ಮಾರ್ಚ್ ಕೊನೆಯ ವಾರ ಟೆಸ್ಲಾ ಮುಖ್ಯಸ್ಥ ಇಲಾನ್ ಮಸ್ಕ್ ತಮ್ಮ ಸಿಬ್ಬಂದಿಗೆ ಒಂದು ಕಟ್ಟಪ್ಪಣೆ ಹೊರಡಿಸಿದರು. ಉತ್ತರ ಅಮೆರಿಕದಲ್ಲಿ ಹೊಸ ಕಾರು ಒಯ್ಯಲು ಬರುವ ಪ್ರತಿಯೊಬ್ಬ ಗ್ರಾಹಕರನ್ನೂ ಕೂರಿಸಿಕೊಂಡು ಒಂದು ಸುತ್ತು ಹೋಗಿ, ಕಾರು ತಾನೇ ಓಡುವುದನ್ನು ತೋರಿಸಿದ ಮೇಲೆಯೇ ಕಾರು ಒಪ್ಪಿಸಬೇಕು. ಅದರ ಬೆನ್ನಿಗೇ, ಅಮೆರಿಕದ ರಸ್ತೆಗಳಲ್ಲಿ ಆಗಲೇ ಓಡುತ್ತಿದ್ದ, ತಕ್ಕ ಕಂಪ್ಯೂಟರ್ ಇದ್ದ ಟೆಸ್ಲಾ ಕಾರುಗಳಿಗೆಲ್ಲ 'ಫುಲ್ ಸೆಲ್ಫ್ ಡ್ರೈವಿಂಗ್' ತಂತ್ರಾಂಶ ಒಂದು ತಿಂಗಳ ಮಟ್ಟಿಗೆ ಪುಕ್ಕಟೆಯಾಗಿ ದೊರೆಯಿತು. ಅಲ್ಲಿಯವರೆಗೆ 12 ಸಾವಿರ ಡಾಲರ್ ತೆತ್ತವರಿಗೆ, ಇಲ್ಲವೇ ತಿಂಗಳಿಗೆ 199 ಡಾಲರ್ ಕಟ್ಟುವವರಿಗೆ ಮೀಸಲಾಗಿದ್ದ ಅನುಭವ ಒಮ್ಮೆಲೇ ದೊಡ್ಡ ಜನಸಮೂಹಕ್ಕೆ ಸಿಕ್ಕಿತು. ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರು, ಆಫೀಸಿಗೆ ಹೋಗಿಬರುವ ಎಂಜಿನಿಯರುಗಳು, ನಿವೃತ್ತರು, ಹೀಗೆ ವಾಹನ ಪರೀಕ್ಷೆ ಕಸುಬಲ್ಲದ ಜನ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇಂಥದ್ದನ್ನು ಒಂದೇ ಹೊತ್ತಿನಲ್ಲಿ ಓಡಿಸಿ ನೋಡಿದ್ದು ಬಹುಶಃ ಅದೇ ಮೊದಲು.

ಅವರು ಹೇಳಿದ್ದೇನು? 'ನನಗಿಂತ ಚೆನ್ನಾಗಿ ಓಡಿಸುತ್ತದೆ' ಎಂದವರಿದ್ದರು. 'ಎರಡು ಸಲ ಜೀವ ಬಾಯಿಗೆ ಬಂತು, ಇನ್ನು ಇದರ ಸಹವಾಸವೇ ಬೇಡ' ಎಂದವರೂ ಇದ್ದರು. ಒಂದೇ ತಂತ್ರಾಂಶ, ಒಂದೇ ತಿಂಗಳು, ಒಂದೇ ದೇಶ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಿದ್ದರೆ ಇಂಥ ಅನಿಸಿಕೆಗಳನ್ನು ನಾವು ಎಷ್ಟರ ಮಟ್ಟಿಗೆ ನೆಚ್ಚಬೇಕು ಎಂಬುದೇ ಈ ಲೇಖನದ ಪ್ರಶ್ನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತಂತ್ರಾಂಶದ ನಯ, ನಾಜೂಕು, ಅನುಕೂಲಗಳ ಬಗ್ಗೆ ಚಾಲಕರು ಹೇಳುವುದನ್ನು ಗಂಭೀರವಾಗಿ ಕೇಳಬೇಕು. ಸುರಕ್ಷತೆಯ ಬಗ್ಗೆ ಮಾತ್ರ ಅವರ ಅನುಭವ ಸಾಕ್ಷಿಯಾಗಲಾರದು. ಅಷ್ಟೇ ಅಲ್ಲ, ಅನಿಸಿಕೆ ಒಳ್ಳೆಯದಾಗುತ್ತ ಹೋದಂತೆ ಅಪಾಯ ಹೆಚ್ಚುವ ಒಂದು ಘಟ್ಟವೂ ಇದೆ.

ಯಾವ ಬಗೆಯ ಕಾರಿನ ಮಾತು ಇದು ಎಂಬುದು ಮೊದಲು ಸ್ಪಷ್ಟವಾಗಲಿ. ವಾಹನ ಎಂಜಿನಿಯರುಗಳ ಸಂಘಟನೆ ಎಸ್‌ಎಇ 2014ರಲ್ಲಿ ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಹಂತಗಳಾಗಿ ವಿಂಗಡಿಸಿತು. ಟೆಸ್ಲಾದ ತಂತ್ರಾಂಶ ಎಷ್ಟೇ ಚುರುಕಾಗಿದ್ದರೂ ಅದು ಎರಡನೇ ಹಂತದ್ದು. ಸ್ಟೀರಿಂಗ್, ಬ್ರೇಕ್, ಆಕ್ಸಿಲರೇಟರ್ ಮೂರನ್ನೂ ಯಂತ್ರ ನೋಡಿಕೊಂಡರೂ ರಸ್ತೆಯ ಮೇಲೆ ಕಣ್ಣಿಟ್ಟಿರಬೇಕಾದವನು ಚಾಲಕ. ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆಯೂ ಅವನದೇ. ನಾಲ್ಕನೇ ಹಂತದ ವೇಮೊ ಕಾರಿನಲ್ಲಿ ಚಾಲಕನೇ ಇರುವುದಿಲ್ಲ, ಕೂತವರೆಲ್ಲ ಬರೀ ಪ್ರಯಾಣಿಕರು. ನೋಡುವವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಸ್ಟೀರಿಂಗ್ ತನ್ನಷ್ಟಕ್ಕೆ ತಿರುಗುತ್ತಿರುತ್ತದೆ. ಆದರೆ ಒಂದರಲ್ಲಿ ನೀವು ನಿದ್ದೆ ಮಾಡಬಹುದು, ಇನ್ನೊಂದರಲ್ಲಿ ನಿದ್ದೆ ಮಾಡಿದರೆ ಸಾಯಬಹುದು.

ಟೆಸ್ಲಾ 'ಆಟೋಪೈಲಟ್' ಅನ್ನು ಗ್ರಾಹಕರ ಕಾರುಗಳಿಗೆ ಕಳಿಸಿದ್ದು 2015ರ ಅಕ್ಟೋಬರ್‌ನಲ್ಲಿ. ಹೆದ್ದಾರಿಯಲ್ಲಿ ಲೇನ್ ಹಿಡಿದು ಹೋಗುವುದು, ಮುಂದಿನ ವಾಹನಕ್ಕೆ ತಕ್ಕಂತೆ ವೇಗ ಏರಿಸಿ ಇಳಿಸುವುದು, ಇಷ್ಟೇ ಅದರ ಕೆಲಸ. ಮೊದಮೊದಲು ಬಳಸಿದವರಲ್ಲಿ ಬೆರಗಿಗೆ ಕೊನೆಯಿರಲಿಲ್ಲ. ಕೈಬಿಟ್ಟು ಕೂತು, ತಾವು ಕೈಬಿಟ್ಟಿರುವುದನ್ನು ತಾವೇ ವಿಡಿಯೊ ಮಾಡಿ ಹಂಚಿಕೊಂಡವರು ಎಷ್ಟೋ ಮಂದಿ. ಏಳೇ ತಿಂಗಳಲ್ಲಿ, 2016ರ ಮೇ ತಿಂಗಳಲ್ಲಿ, ಫ್ಲಾರಿಡಾದ ವಿಲಿಸ್ಟನ್ ಬಳಿ ಆಟೋಪೈಲಟ್ ಚಾಲೂ ಇದ್ದ ಕಾರೊಂದು ರಸ್ತೆಗೆ ಅಡ್ಡಲಾಗಿ ದಾಟುತ್ತಿದ್ದ ಬಿಳಿ ಟ್ರೇಲರ್ ಲಾರಿಯ ಅಡಿಗೆ ನುಗ್ಗಿ ಚಾಲಕ ಸತ್ತರು. ಅದನ್ನು ಮೆಚ್ಚಿ ಬಳಸುತ್ತಿದ್ದವರಲ್ಲಿ ಅವರೂ ಒಬ್ಬರು.

ಊರೊಳಗಿನ ರಸ್ತೆಗೆ 'ಫುಲ್ ಸೆಲ್ಫ್ ಡ್ರೈವಿಂಗ್' ಇಳಿದದ್ದು 2020ರ ಅಕ್ಟೋಬರ್‌ನಲ್ಲಿ, ಆಯ್ದ ಕೆಲವೇ ಗ್ರಾಹಕರ ಮೂಲಕ. ಮರುವರ್ಷ ಕಂಪನಿ ಹೊಸ ಷರತ್ತು ಹಾಕಿತು. ಚಾಲಕನ ನಡವಳಿಕೆಗೆ ನೂರಕ್ಕೆ ಇಂತಿಷ್ಟು ಎಂದು ಅಂಕ, ಪೂರ್ತಿ ನೂರು ಬಂದವರಿಗೆ ಮೊದಲ ಸರದಿ. ಅಂಕಕ್ಕೋಸ್ಕರ ಜನ ಹೇಗೆ ಓಡಿಸಿದರು ಎಂಬುದು ಈ ಇಡೀ ಕತೆಯಲ್ಲಿ ನನಗೆ ತುಂಬ ಕುತೂಹಲದ ಭಾಗ. ಜೋರಾಗಿ ಬ್ರೇಕ್ ಒತ್ತಿದರೆ ಅಂಕ ಹೋಗುತ್ತದೆಂದು ಹಳದಿ ದೀಪ ಕಂಡೂ ನಿಲ್ಲದೆ ಸಿಗ್ನಲ್ ದಾಟಿದ್ದಾಗಿ ಕೆಲವರು ಒಪ್ಪಿಕೊಂಡರು. ಒಳ್ಳೆಯ ಚಾಲಕನನ್ನು ಆರಿಸಲೆಂದು ಮಾಡಿದ ಪರೀಕ್ಷೆ ಆ ಹೊತ್ತಿಗೆ ಅವರನ್ನು ಕೆಟ್ಟ ಚಾಲಕರನ್ನಾಗಿ ಮಾಡಿತ್ತು. 2022ರ ನವೆಂಬರ್‌ಗೆ ಉತ್ತರ ಅಮೆರಿಕದಲ್ಲಿ ದುಡ್ಡು ಕೊಟ್ಟಿದ್ದವರಿಗೆಲ್ಲ ಅದು ಮುಕ್ತವಾಯಿತು.

ಆ ವರ್ಷಗಳ ಅನಿಸಿಕೆಗಳಲ್ಲಿ ಎದ್ದು ಕಾಣುವುದು ದಣಿವು. ಕಲಿಯುವವರ ಲೈಸೆನ್ಸ್ ಸಿಕ್ಕ ಹದಿನಾರರ ಮಗನನ್ನು ಸ್ಟೀರಿಂಗ್ ಮುಂದೆ ಕೂರಿಸಿ ಪಕ್ಕದಲ್ಲಿ ಕೂತ ಹಾಗೆ ಎಂದು ಅಮೆರಿಕದ ಚಾಲಕರು ಮತ್ತೆ ಮತ್ತೆ ಹೇಳಿದರು. ಮೇಲ್ಸೇತುವೆಯ ನೆರಳನ್ನು ಕಂಡೋ, ಎದುರು ಲೇನಿನ ಲಾರಿಯನ್ನು ಕಂಡೋ, ಏನೂ ಇಲ್ಲದ ಕಡೆ ಕಾರು ಗಕ್ಕನೆ ಬ್ರೇಕ್ ಹಾಕುತ್ತಿತ್ತು. ಹಿಂದಿನ ವಾಹನ ಬಂದು ಗುದ್ದಿದರೆ ಗತಿಯೇನು? ಇದಕ್ಕೆ ಚಾಲಕರು ಇಟ್ಟ ಹೆಸರು 'ಫ್ಯಾಂಟಮ್ ಬ್ರೇಕಿಂಗ್'. ಒಂಬತ್ತು ತಿಂಗಳಲ್ಲಿ 354 ದೂರುಗಳು ಬಂದ ಮೇಲೆ 2022ರ ಫೆಬ್ರುವರಿಯಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ಸುಮಾರು 4.16 ಲಕ್ಷ ಕಾರುಗಳ ಮೇಲೆ ತನಿಖೆ ಆರಂಭಿಸಿತು. ಗಮನಿಸಿ, ಇಲ್ಲಿ ಚಾಲಕರ ಅನಿಸಿಕೆಯೇ ಸರ್ಕಾರವನ್ನು ಎಬ್ಬಿಸಿತು. ಅದನ್ನು ನಾನು ಹಗುರವಾಗಿ ಕಾಣುತ್ತಿಲ್ಲ.

ಇನ್ನೊಂದು ಕಾಟ, ಸಿಗ್ನಲ್ ಬಾಣದ ಆಸರೆಯಿಲ್ಲದೆ ಎಡಕ್ಕೆ ತಿರುಗುವುದು. ಅಮೆರಿಕದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಹೋಗುವುದರಿಂದ ಅಲ್ಲಿ ಎಡಕ್ಕೆ ತಿರುಗುವವನು ಎದುರಿನಿಂದ ಬರುವ ಸಾಲನ್ನು ಸೀಳಿಕೊಂಡು ಹೋಗಬೇಕು. ನಮ್ಮಲ್ಲಿ ಬಲಕ್ಕೆ ತಿರುಗಿದಂತೆ. ಕಾರು ಅಲ್ಲಿ ತೆವಳುತ್ತ ಮುಂದೆ ಬಂದು, ನಿಂತು, ಮತ್ತೆ ತೆವಳಿ, ಹೊರಡಲೋ ಬೇಡವೋ ಎಂದು ಸ್ಟೀರಿಂಗನ್ನು ಆ ಕಡೆ ಈ ಕಡೆ ಕುಲುಕುತ್ತಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ಎದುರಿನವನಿಗೆ ಈ ಕಾರು ಬರುತ್ತದೋ ನಿಲ್ಲುತ್ತದೋ ತಿಳಿಯುತ್ತಿರಲಿಲ್ಲ. ಒಳಗೆ ಕೂತವರ ಕಾಲು ಬ್ರೇಕ್ ಮೇಲೆ ತೇಲುತ್ತಿತ್ತು, ಅಂಗೈ ಬೆವರುತ್ತಿತ್ತು. ತಾನೇ ಓಡಿಸಿದ್ದರೆ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸ. 'ಸ್ಟಾಪ್' ಫಲಕದ ಮುಂದೆ ಪೂರ್ತಿ ನಿಲ್ಲದೆ ಉರುಳಿಕೊಂಡು ದಾಟುವ ಗುಣವೂ ಅದಕ್ಕಿತ್ತು. ಮನುಷ್ಯರು ಹಾಗೆ ಮಾಡುತ್ತಾರೆಂದು ಅದಕ್ಕೂ ಹಾಗೆ ಮಾಡಲು ಬಿಟ್ಟಿದ್ದರು. 2022ರಲ್ಲಿ 53,822 ಕಾರುಗಳನ್ನು ರೀಕಾಲ್ ಮಾಡಿ ಅದನ್ನು ತೆಗೆಯಬೇಕಾಯಿತು. ಮರುವರ್ಷದ ಫೆಬ್ರುವರಿಯಲ್ಲಿ ಮತ್ತೆ 3,62,758 ಕಾರುಗಳ ಸರದಿ.

ಈ ಅವಧಿಯ ಅನಿಸಿಕೆಗಳು ಬಹುಪಾಲು ಕೆಟ್ಟವು. ಆದರೆ ನನ್ನ ದೃಷ್ಟಿಯಲ್ಲಿ ಒಂದು ಅರ್ಥದಲ್ಲಿ ಅದು ಆರೋಗ್ಯಕರ ಕಾಲ. ಹೆದರಿದವರು ಎಚ್ಚರವಾಗಿದ್ದರು. ತಂತ್ರಾಂಶ ದಿನಕ್ಕೆ ನಾಲ್ಕು ಸಲ ತಪ್ಪುತ್ತಿದ್ದರೆ ಐದನೆಯ ತಪ್ಪಿಗೆ ಚಾಲಕ ಸಿದ್ಧವಾಗಿಯೇ ಕೂತಿರುತ್ತಾನೆ.

2024ರ ಆರಂಭದಲ್ಲಿ ಹನ್ನೆರಡನೆಯ ಆವೃತ್ತಿ ಬಂದಾಗ ಎಲ್ಲ ಬದಲಾಯಿತು. ಅದುವರೆಗೆ ಎಂಜಿನಿಯರುಗಳು ಕೈಯಾರೆ ಬರೆದ ನಿಯಮಗಳು ಕಾರನ್ನು ನಡೆಸುತ್ತಿದ್ದವು. ಇಂಥ ಕಡೆ ನಿಲ್ಲು, ಇಷ್ಟು ಅಂತರ ಬಿಡು, ಇಷ್ಟು ಸೆಕೆಂಡ್ ಕಾಯು. ಅಂಥ ಮೂರು ಲಕ್ಷಕ್ಕೂ ಹೆಚ್ಚು ಸಾಲುಗಳನ್ನು ತೆಗೆದುಹಾಕಿ, ಮನುಷ್ಯರು ಓಡಿಸಿದ ಅಸಂಖ್ಯ ವಿಡಿಯೊ ತುಣುಕುಗಳಿಂದ ಕಲಿತ ನರಜಾಲವನ್ನು ಆ ಜಾಗದಲ್ಲಿ ಕೂರಿಸಲಾಯಿತು. ಕ್ಯಾಮೆರಾ ಕಂಡದ್ದು ಒಳಗೆ ಹೋಗುತ್ತದೆ, ಸ್ಟೀರಿಂಗ್ ಮತ್ತು ಪೆಡಲ್‌ಗೆ ಆಜ್ಞೆ ಹೊರಗೆ ಬರುತ್ತದೆ. ನಡುವೆ ಮನುಷ್ಯ ಬರೆದ ನಿಯಮ ಬಹುಮಟ್ಟಿಗೆ ಇಲ್ಲ.

ಅದರ ಫಲ ಚಾಲಕರಿಗೆ ಮೈಗೇ ತಿಳಿಯಿತು. ಕಸದ ಲಾರಿ ನಿಂತಿದ್ದರೆ ಕಾರು ತುಸು ಹಿಂದಿನಿಂದಲೇ ಓರೆಯಾಗಿ, ಎದುರು ಲೇನ್ ಖಾಲಿಯಿದೆಯೆಂದು ನೋಡಿ, ಬಳಸಿಕೊಂಡು ಹೋಗುತ್ತಿತ್ತು. ನಿಂತ ಕಾರಿನ ಬಾಗಿಲು ತೆರೆದಿದ್ದರೆ ಅಷ್ಟಗಲ ಜಾಗ ಬಿಡುತ್ತಿತ್ತು. ಸಿಗ್ನಲ್ ಬಳಿ ಕಾಫಿ ಲೋಟ ತುಳುಕದಂತೆ ನಿಲ್ಲುತ್ತಿತ್ತು. ಹಳೆಯ ಆವೃತ್ತಿಯನ್ನು ಕಂಡು ಹೌಹಾರಿದ್ದ ಮಡದಿ ಮಕ್ಕಳು ಈಗ ಕಾರು ತಾನೇ ಓಡುತ್ತಿದೆಯೆಂಬುದನ್ನೇ ಗಮನಿಸಲಿಲ್ಲ ಎಂದು ಎಷ್ಟೋ ಜನ ಹೇಳಿದರು. ಮನೆಯಿಂದ ಆಫೀಸಿನವರೆಗೆ ಒಮ್ಮೆಯೂ ಸ್ಟೀರಿಂಗ್ ಮುಟ್ಟಬೇಕಾಗದ ಪ್ರಯಾಣ ಅವರಿಗೆ ಹೆಮ್ಮೆಯ ಮಾತಾಯಿತು. ಈ ಮೆಚ್ಚುಗೆಯಲ್ಲಿ ಉತ್ಪ್ರೇಕ್ಷೆ ಇಲ್ಲ. ಓಡಿಸುವ ಕಲೆ ಎಂಬುದೊಂದಿದ್ದರೆ ಅದರ ದೊಡ್ಡ ಪಾಲು ಯಂತ್ರಕ್ಕೆ ಬಂದುಬಿಟ್ಟಿತ್ತು.

ತಪ್ಪುಗಳು ನಿಂತಿರಲಿಲ್ಲ, ವಿರಳವಾಗಿದ್ದವು. ಈ ಆವೃತ್ತಿ ಇನ್ನೂ ಒರೆಗಲ್ಲಿನ ಮೇಲಿದ್ದಾಗಲೇ, 2023ರ ಆಗಸ್ಟ್‌ನಲ್ಲಿ, ಮಸ್ಕ್ ಸ್ವತಃ ಕೂತು ಅದನ್ನು ನೇರಪ್ರಸಾರದಲ್ಲಿ ತೋರಿಸಿದ್ದರು. ಎಡಕ್ಕೆ ಹೋಗುವವರಿಗೆ ಬಿದ್ದ ಹಸಿರು ಬಾಣವನ್ನು ಕಂಡು, ನೇರ ಹೋಗಬೇಕಿದ್ದ ಕಾರು ಕೆಂಪು ದೀಪದಲ್ಲೇ ಹೊರಟಿತು. ಅವರು ಬ್ರೇಕ್ ಒತ್ತಿ ನಿಲ್ಲಿಸಬೇಕಾಯಿತು. ಹಳೆಯ ಕಾರಿನ ತಪ್ಪಿಗೆ ಅಳುಕು, ತಡವರಿಕೆಗಳ ಮುನ್ಸೂಚನೆ ಇರುತ್ತಿತ್ತು. ಹೊಸದು ತಪ್ಪು ಮಾಡುವಾಗಲೂ ಸರಿ ಮಾಡುವಾಗಿನಷ್ಟೇ ನಿಸ್ಸಂಕೋಚವಾಗಿ ಮಾಡುತ್ತದೆ. ಏಕೆ ಹಾಗೆ ಮಾಡಿತು ಎಂದು ಕೇಳಿದರೆ ಬೆರಳಿಟ್ಟು ತೋರಿಸಲು ನಿಯಮವೂ ಇಲ್ಲ.

ಇಲ್ಲಿಂದ ಮುಂದೆ ಯಂತ್ರಕ್ಕಿಂತ ಮನುಷ್ಯನ ವಿಚಾರವೇ ದೊಡ್ಡದು. ಪರಿಚಿತರೊಬ್ಬರ ಕಾರಿನಲ್ಲಿ ಕ್ಯೂಪರ್ಟಿನೋದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 280ನೇ ಹೆದ್ದಾರಿಯಲ್ಲಿ ಹೋಗಿದ್ದೆ. ಹಾಸನದ ಕಡೆಯವರು, ತಾವೇ ತಂತ್ರಾಂಶ ಬರೆಯುವವರು, ಯಂತ್ರಗಳನ್ನು ಸುಲಭಕ್ಕೆ ನಂಬುವವರಲ್ಲ. ಹೊರಟಾಗ ಎರಡೂ ಕೈ ಸ್ಟೀರಿಂಗ್ ಹತ್ತಿರವೇ ಇದ್ದವು, ಮಾತಾಡುವಾಗಲೂ ದೃಷ್ಟಿ ರಸ್ತೆಯ ಮೇಲೇ. ಬೆಟ್ಟದ ಸಾಲು ಶುರುವಾಗುವ ಹೊತ್ತಿಗೆ ಒಂದು ಕೈ ತೊಡೆಗಿಳಿದಿತ್ತು. ಸ್ವಲ್ಪ ಹೊತ್ತಿಗೆ ಊರಿನ ಕಾಫಿ ತೋಟದ ವಿಚಾರ ಬಂತು. ಅವರು ನನ್ನ ಮುಖ ನೋಡಿಕೊಂಡೇ ಮಾತಾಡತೊಡಗಿದರು. ಪರದೆಯ ಮೇಲೆ ಎಚ್ಚರಿಕೆ ಮಿನುಗಿದಾಗ ಸ್ಟೀರಿಂಗನ್ನು ಹಾಗೇ ಒಂದಿಷ್ಟು ಎಳೆದುಬಿಟ್ಟು ಮಾತು ಮುಂದುವರಿಸಿದರು. 'ನೋಡಿ ಸಾರ್, ಇದನ್ನು ಬಿಟ್ಟು ಬೇರೆ ಕಾರು ಓಡಿಸೋಕೆ ಈಗ ಆಗೋದೇ ಇಲ್ಲ' ಎಂದರು. ಕಾರು ಒಂದು ತಪ್ಪನ್ನೂ ಮಾಡಲಿಲ್ಲ. ನಾನು ಹೆದರಿದ್ದು ಅವರನ್ನು ನೋಡಿ.

ಇದು ಅವರೊಬ್ಬರ ದೌರ್ಬಲ್ಯವಲ್ಲ. ಗೂಗಲ್ ಕಂಪನಿ ಇದನ್ನು 2013ರಲ್ಲೇ ಕಂಡುಕೊಂಡಿತ್ತು. ಹೆದ್ದಾರಿಯಲ್ಲಿ ತಾನೇ ಓಡುವ ಕಾರುಗಳನ್ನು ತನ್ನದೇ ನೌಕರರಿಗೆ ಬಳಸಲು ಕೊಟ್ಟು, ಒಳಗೆ ಕ್ಯಾಮೆರಾ ಇಟ್ಟು ಗಮನಿಸಿತು. ರಸ್ತೆಯ ಮೇಲೆ ಕಣ್ಣಿಡಬೇಕೆಂದು ಅವರಿಗೆ ಸ್ಪಷ್ಟವಾಗಿ ಹೇಳಿತ್ತು. ಕ್ಯಾಮೆರಾದಲ್ಲಿ ಕಂಡದ್ದು ಮೇಕಪ್ ಮಾಡಿಕೊಳ್ಳುವವರು, ಫೋನಿನಲ್ಲಿ ಮುಳುಗಿದವರು, ಗಂಟೆಗೆ 56 ಮೈಲಿ ವೇಗದಲ್ಲಿ, ಅಂದರೆ ಸುಮಾರು 90 ಕಿಲೋಮೀಟರ್ ವೇಗದಲ್ಲಿ, ನಿದ್ದೆಹೋದವರು. ಗೂಗಲ್‌ನ ಈ ವಿಭಾಗವೇ ಮುಂದೆ ವೇಮೊ ಆಯಿತು. ಅದರ ಮುಖ್ಯಸ್ಥರಾಗಿದ್ದ ಜಾನ್ ಕ್ರಾಫ್ಚಿಕ್ 2017ರಲ್ಲಿ ಈ ದೃಶ್ಯಗಳನ್ನು ಪತ್ರಕರ್ತರಿಗೆ ತೋರಿಸಿದರು. ಕಂಪನಿ ತೆಗೆದುಕೊಂಡ ತೀರ್ಮಾನ ಸರಳ. ಮನುಷ್ಯ ಅರ್ಧ, ಯಂತ್ರ ಅರ್ಧ ಎಂಬ ವ್ಯವಸ್ಥೆಯೇ ಬೇಡ. ಪೂರ್ತಿ ಯಂತ್ರವೇ ಓಡಿಸುವಂತಾದಾಗ ಮಾತ್ರ ಜನರಿಗೆ ಕೊಡೋಣ. ಅದಕ್ಕೆ ಇನ್ನೂ ಏಳು ವರ್ಷ ಹಿಡಿಯಿತು. ಚಾಲಕರಿಲ್ಲದ ವೇಮೊ ಸೇವೆ ಫೀನಿಕ್ಸ್‌ನಲ್ಲಿ ಸಾರ್ವಜನಿಕರಿಗೆ ತೆರೆದದ್ದು 2020ರ ಅಕ್ಟೋಬರ್‌ನಲ್ಲಿ.

ವಿಜ್ಞಾನಕ್ಕೆ ಇದು ಇನ್ನೂ ಹಳೆಯ ಸಂಗತಿ. ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆಯನ್ನು ದಿಟ್ಟಿಸುತ್ತ ಕೂರುವವರು ಶತ್ರುವಿನ ಸುಳಿವನ್ನು ಏಕೆ ತಪ್ಪಿಸಿಕೊಳ್ಳುತ್ತಾರೆಂದು ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಪರೀಕ್ಷೆ ಮಾಡಿದ್ದರು. ಅಪರೂಪಕ್ಕೆ ಒಮ್ಮೆ ಹೆಚ್ಚು ಜಿಗಿಯುವ ಗಡಿಯಾರದ ಮುಳ್ಳನ್ನು ಗಮನಿಸುವುದಷ್ಟೇ ಕೆಲಸ. ಅರ್ಧ ಗಂಟೆಯಲ್ಲೇ ಜನರ ನಿಗಾ ಗಣನೀಯವಾಗಿ ಕುಸಿಯುತ್ತದೆಂದು 1948ರಲ್ಲಿ ಅವರು ಪ್ರಕಟಿಸಿದರು. 1983ರಲ್ಲಿ ಲಿಸಾನ್ ಬೇನ್‌ಬ್ರಿಜ್ ಇನ್ನೂ ಮುಂದೆ ಹೋಗಿ ಹೇಳಿದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು, ಅದರ ಕೈಲಾಗದ ಕಠಿಣ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸಿದರೆ, ಅಭ್ಯಾಸ ತಪ್ಪಿದ ಆತ ಆ ಗಳಿಗೆಯಲ್ಲೇ ಸೋಲುತ್ತಾನೆ. ಇಬ್ಬರೂ ಕಾರಿನ ಬಗ್ಗೆ ಬರೆಯಲಿಲ್ಲ, ಆದರೆ ಇಂದಿನ ಕಾರಿನ ಸಮಸ್ಯೆ ಇದೇ.

ಸಂಬಳ ಪಡೆದು ಕಾವಲು ಕೂತವರೂ ಇದಕ್ಕೆ ಹೊರತಲ್ಲ. 2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿಯಲ್ಲಿ ಉಬರ್‌ನ ಪರೀಕ್ಷಾರ್ಥ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಕೊಂದಾಗ, ಅದನ್ನು ನೋಡಿಕೊಳ್ಳಲೆಂದೇ ನೇಮಕವಾಗಿದ್ದವರ ಗಮನ ಫೋನಿನ ಮೇಲಿತ್ತು. ಅದಾದ ಐದೇ ದಿನಕ್ಕೆ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿ ನಡೆದದ್ದು ನನ್ನನ್ನು ಇನ್ನೂ ಕಾಡುತ್ತದೆ. ಆಟೋಪೈಲಟ್‌ನಲ್ಲಿದ್ದ ಟೆಸ್ಲಾ ಕಾರು 101ನೇ ಹೆದ್ದಾರಿಯ ಕವಲಿನಲ್ಲಿ ಲೇನ್ ತಪ್ಪಿ ಕಾಂಕ್ರೀಟ್ ತಡೆಗೆ ಬಡಿಯಿತು, ಎಂಜಿನಿಯರೊಬ್ಬರು ಸತ್ತರು. ತನಿಖೆ ಮಾಡಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ದಾಖಲೆಗಳ ಪ್ರಕಾರ, ಅದೇ ಜಾಗದಲ್ಲಿ ಕಾರು ತಡೆಯತ್ತ ಎಳೆಯುತ್ತದೆಂದು ಅವರು ಮೊದಲೇ ಮನೆಯವರ ಬಳಿ ಹೇಳಿಕೊಂಡಿದ್ದರು. ಅಪಘಾತದ ಹೊತ್ತಿಗೆ ಅವರ ಫೋನಿನಲ್ಲಿ ಗೇಮ್ ನಡೆಯುತ್ತಿತ್ತು. ಯಂತ್ರದ ದೋಷ ಎಲ್ಲಿದೆಯೆಂದು ಚಾಲಕನಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಗೊತ್ತಿದ್ದದ್ದು ಉಳಿಸಲಿಲ್ಲ.

ಚಾಲಕನನ್ನು ಎಚ್ಚರವಾಗಿಡಲು ಕಂಪನಿಗಳು ಉಪಾಯ ಮಾಡಿಲ್ಲವೆಂದಲ್ಲ. ಸ್ಟೀರಿಂಗ್ ಮೇಲೆ ಕೈಯಿದೆಯೇ ಎಂದು ಟೆಸ್ಲಾ ನೋಡುತ್ತಿತ್ತು. ಕೈಯ ಬದಲು ತೂಕ ಸಿಕ್ಕಿಸುವ ಸಾಧನ ಮಾರುಕಟ್ಟೆಗೆ ಬಂತು, ಅದನ್ನು 2018ರಲ್ಲಿ ಸರ್ಕಾರವೇ ನಿಲ್ಲಿಸಬೇಕಾಯಿತು. ಕನ್ನಡಿಯ ಮೇಲಿನ ಕ್ಯಾಮೆರಾದಿಂದ ಕಣ್ಣನ್ನು ಗಮನಿಸುವ ವ್ಯವಸ್ಥೆ ಬಂದದ್ದು ತಡವಾಗಿ. ಜನರಲ್ ಮೋಟರ್ಸ್ 2017ರಲ್ಲೇ ತನ್ನ 'ಸೂಪರ್ ಕ್ರೂಸ್'ನಲ್ಲಿ ಕಣ್ಣಿನ ಮೇಲೆ ನಿಗಾ ಇಟ್ಟಿತ್ತು. ಎಚ್ಚರಿಕೆ ಸಾಲದೆಂದು 2023ರ ಡಿಸೆಂಬರ್‌ನಲ್ಲಿ 20 ಲಕ್ಷಕ್ಕೂ ಹೆಚ್ಚು ಟೆಸ್ಲಾ ಕಾರುಗಳ ರೀಕಾಲ್ ಆಯಿತು. ಮರುವರ್ಷ ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷತಾ ಸಂಸ್ಥೆ ವಿವಿಧ ಕಂಪನಿಗಳ ಇಂಥ 14 ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ 11ಕ್ಕೆ 'ಕಳಪೆ' ಎಂಬ ದರ್ಜೆ ಸಿಕ್ಕಿತು. ಚಾಲಕರ ಅನಿಸಿಕೆಗಳನ್ನು ಈ ಬೆಳಕಿನಲ್ಲಿ ಓದಬೇಕು. ಪದೇ ಪದೇ ಬರುವ ಎಚ್ಚರಿಕೆಯ ಸದ್ದನ್ನೇ ಅವರು ದೊಡ್ಡ ಕಿರಿಕಿರಿಯೆಂದು ದೂರುತ್ತಾರೆ. ಅದು ಕಡಿಮೆಯಾದ ಆವೃತ್ತಿಯನ್ನು ಸುಧಾರಣೆಯೆಂದು ಮೆಚ್ಚುತ್ತಾರೆ. ಅನಿಸಿಕೆ ಮತ್ತು ಸುರಕ್ಷತೆ ಎದುರುಬದುರಾಗಿ ನಿಲ್ಲುವುದು ಇಲ್ಲೇ.

ಇನ್ನು ಲೆಕ್ಕದ ಮಾತು. ಅಮೆರಿಕದಲ್ಲಿ 2023ರಲ್ಲಿ ಪ್ರತಿ 10 ಕೋಟಿ ಮೈಲಿ ವಾಹನ ಓಡಾಟಕ್ಕೆ ಸುಮಾರು 1.26 ಸಾವು. ಅಂದರೆ ಮನುಷ್ಯರು ಓಡಿಸಿದಾಗ, ಕುಡಿದವರು, ಮಂಪರಿನಲ್ಲಿರುವವರು ಎಲ್ಲರನ್ನೂ ಸೇರಿಸಿಕೊಂಡು, ಸುಮಾರು 12.8 ಕೋಟಿ ಕಿಲೋಮೀಟರಿಗೆ ಒಂದು ಸಾವು. ವರ್ಷಕ್ಕೆ 20 ಸಾವಿರ ಕಿಲೋಮೀಟರ್ ಓಡಿಸುವ ಒಬ್ಬ ವ್ಯಕ್ತಿ ಅಷ್ಟು ದೂರ ಕ್ರಮಿಸಲು ಆರು ಸಾವಿರ ವರ್ಷಕ್ಕೂ ಹೆಚ್ಚು ಬೇಕು. ತಾನೇ ಓಡುವ ಕಾರು ಈ ವಿಷಯದಲ್ಲಿ ಮನುಷ್ಯರಿಗೆ ಸಮ ಎಂದು ವಿಶ್ವಾಸದಿಂದ ಹೇಳಲು ಒಂದೂ ಸಾವಿಲ್ಲದೆ 27.5 ಕೋಟಿ ಮೈಲಿ ಓಡಬೇಕೆಂದು ರ‍್ಯಾಂಡ್ ಸಂಸ್ಥೆ 2016ರಲ್ಲಿ ಲೆಕ್ಕ ಹಾಕಿತ್ತು. ಹೀಗಿರುವಾಗ 'ಮೂರು ತಿಂಗಳು ಬಳಸಿದೆ, ಒಂದೂ ತೊಂದರೆಯಾಗಲಿಲ್ಲ' ಎಂಬ ಮಾತಿನಿಂದ ಸುರಕ್ಷತೆಯ ಬಗ್ಗೆ ಏನೂ ತಿಳಿಯುವುದಿಲ್ಲ. 'ಮೊದಲ ದಿನವೇ ಗುದ್ದುವುದರಲ್ಲಿತ್ತು' ಎಂಬ ಮಾತಿಗೆ ಸ್ವಲ್ಪ ಹೆಚ್ಚು ಬೆಲೆಯಿದೆ, ಏಕೆಂದರೆ ಅದು ಒಂದು ದೋಷವನ್ನು ತೋರಿಸುತ್ತದೆ. ದೋಷ ಇಲ್ಲವೆಂಬುದನ್ನು ಅನುಭವದಿಂದ ಸಾಧಿಸಲಾಗದು.

ಆ ಲೆಕ್ಕವನ್ನು ಕೊಡಬಲ್ಲವರು ಕಂಪನಿಗಳು ಮಾತ್ರ. ಇಲ್ಲಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಟೆಸ್ಲಾ ವರ್ಷಗಳ ಕಾಲ ಪ್ರಕಟಿಸಿದ ತ್ರೈಮಾಸಿಕ ಅಂಕಿಗಳು ಬಹುಪಾಲು ಹೆದ್ದಾರಿಯಲ್ಲಿ ಓಡುವ ತನ್ನ ಹೊಸ ಕಾರುಗಳನ್ನು ದೇಶದ ಎಲ್ಲ ರಸ್ತೆಗಳ ಹಳೆಯ ಹೊಸ ಕಾರುಗಳೊಂದಿಗೆ ಹೋಲಿಸುತ್ತಿದ್ದವು. ಕ್ಯಾಲಿಫೋರ್ನಿಯಾದಲ್ಲಿ ಚಾಲಕರಹಿತ ಕಾರು ಪರೀಕ್ಷಿಸುವವರು, ಮನುಷ್ಯ ಎಷ್ಟು ಸಲ ಕೈಹಾಕಬೇಕಾಯಿತೆಂದು ಪ್ರತಿ ವರ್ಷ ವರದಿ ಕೊಡಬೇಕು. ಗ್ರಾಹಕರ ಕೈಯಲ್ಲಿರುವ ಎರಡನೇ ಹಂತದ ಕಾರಿಗೆ ಅದು ಅನ್ವಯಿಸುವುದಿಲ್ಲ. ಅಪಘಾತದ ವರದಿ ಕೊಡಲೇಬೇಕೆಂದು 2021ರಲ್ಲಿ ಎನ್‌ಎಚ್‌ಟಿಎಸ್‌ಎ ಆದೇಶಿಸಿದ ಮೇಲೂ ಟೆಸ್ಲಾ ತನ್ನ ವಿವರಣೆಗಳನ್ನು ವ್ಯಾಪಾರದ ಗುಟ್ಟೆಂದು ಮುಚ್ಚಿಸಿತು. ಇದಕ್ಕೆ ಎದುರಾಗಿ ವೇಮೊ 2024ರ ಡಿಸೆಂಬರ್‌ನಲ್ಲಿ ಸ್ವಿಸ್ ರೀ ವಿಮಾ ಕಂಪನಿಯ ಜೊತೆಗೂಡಿ 2.53 ಕೋಟಿ ಮೈಲಿಗಳ ಅಧ್ಯಯನ ಪ್ರಕಟಿಸಿತು. ಮನುಷ್ಯ ಚಾಲಕರಿಗೆ ಹೋಲಿಸಿದರೆ ಗಾಯದ ವಿಮಾ ಕ್ಲೇಮುಗಳು ಶೇ. 92ರಷ್ಟು ಕಡಿಮೆ. ಕೆಲವೇ ಊರುಗಳ, ಚೆನ್ನಾಗಿ ನಕ್ಷೆ ಮಾಡಿಕೊಂಡ ರಸ್ತೆಗಳ ಲೆಕ್ಕ ಅದು. ಅಧ್ಯಯನದಲ್ಲಿ ಕಂಪನಿಯ ಕೈಯೂ ಇದೆ. ಆದರೂ ವಾದ ಮಾಡಲು ಮುಂದೆ ಒಂದು ಲೆಕ್ಕವಾದರೂ ಇದೆ.

ಹಾಗಾದರೆ ಚಾಲಕರ ಅನಿಸಿಕೆಗೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ದಿನಕ್ಕೆ ಎರಡು ಗಂಟೆ ಫ್ರೀವೇಯಲ್ಲಿ ತೆವಳುವವರು, ಮನೆ ಸೇರಿದಾಗ ಮೊದಲಿನಷ್ಟು ಸುಸ್ತಿಲ್ಲ ಎಂದರೆ ಅದು ಸಣ್ಣ ವಿಷಯವಲ್ಲ. ಕೀಲುನೋವಿನವರು, ರಾತ್ರಿ ಓಡಿಸಲು ಅಳುಕುವ ಹಿರಿಯರು ಮತ್ತೆ ಮಕ್ಕಳ ಮನೆಗೆ ತಾವೇ ಹೋಗಿಬರುವಂತಾಯಿತು ಎನ್ನುವಾಗ ನನಗೂ ಮನಸ್ಸು ತುಂಬುತ್ತದೆ. ಆದರೆ ಅಪಾಯದ ಗಳಿಗೆಯಲ್ಲಿ ಚುರುಕಾಗಿ ಕೈಹಾಕಬೇಕಾದವರೂ ಅವರೇ ಎಂಬುದನ್ನು ಮರೆಯಲಾಗದು. ಅವರಿಗೆ ಬೇಕಿರುವುದು ಕಾವಲು ಕಾಯಬೇಕಾದ ಕಾರಲ್ಲ, ಕಾವಲು ಬೇಡದ ಕಾರು. ದುಡ್ಡು ಕೊಟ್ಟು ಕೊಂಡವರ ಪ್ರಮಾಣವೂ ಒಂದು ಅನಿಸಿಕೆಯೇ. ರಸ್ತೆಯ ಮೇಲಿರುವ ತಮ್ಮ ಕಾರುಗಳಲ್ಲಿ ಸುಮಾರು ಶೇ. 12ರಷ್ಟು ಮಾತ್ರ ಇದಕ್ಕೆ ಹಣ ತೆತ್ತಿವೆಯೆಂದು ಟೆಸ್ಲಾದ ಹಣಕಾಸು ಮುಖ್ಯಸ್ಥರು 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಪುಕ್ಕಟೆ ಸಿಕ್ಕಾಗ ಮೆಚ್ಚಿದವರೆಲ್ಲ ಕೊಳ್ಳಲಿಲ್ಲ.

ಹೊಣೆ ಯಾರದು ಎಂಬ ಪ್ರಶ್ನೆಯೂ ನ್ಯಾಯಾಲಯಕ್ಕೆ ಬಂದಿದೆ. 2019ರಲ್ಲಿ ಫ್ಲಾರಿಡಾದಲ್ಲಿ ಕೆಳಗೆ ಬಿದ್ದ ಫೋನ್ ಹುಡುಕಲು ಬಗ್ಗಿದ ಚಾಲಕನ ಕಾರು, ಆಟೋಪೈಲಟ್‌ನಲ್ಲಿದ್ದಾಗ, ರಸ್ತೆಬದಿಯಲ್ಲಿ ನಿಂತಿದ್ದ ಯುವತಿಯನ್ನು ಕೊಂದಿತ್ತು. ತಪ್ಪು ತನ್ನದೆಂದು ಚಾಲಕ ಒಪ್ಪಿದ್ದ. ಆದರೂ 2025ರ ಆಗಸ್ಟ್‌ನಲ್ಲಿ ಮಿಯಾಮಿಯ ಜ್ಯೂರಿ ಮೂರನೇ ಒಂದರಷ್ಟು ಹೊಣೆಯನ್ನು ಟೆಸ್ಲಾ ಮೇಲೆ ಹೊರಿಸಿ ಸುಮಾರು 24.3 ಕೋಟಿ ಡಾಲರ್ ಕೊಡಬೇಕೆಂದಿತು. ಚಾಲಕ ಮೈಮರೆಯುವಂತೆ ಮಾಡಿದ್ದರಲ್ಲಿ ಕಂಪನಿಯ ಪಾಲೂ ಇದೆ ಎಂಬುದನ್ನು ಆ ತೀರ್ಪು ಒಪ್ಪಿತೆಂದು ನಾನು ಓದಿಕೊಳ್ಳುತ್ತೇನೆ. ಅದು ಸರಿಯಾದ ತೀರ್ಪು.

ಈ ಚರ್ಚೆ ನಮ್ಮ ಮನೆಬಾಗಿಲಿಗೂ ಬಂದಿದೆ. 2025ರ ಜುಲೈನಲ್ಲಿ ಟೆಸ್ಲಾ ಮುಂಬೈನಲ್ಲಿ ಮಳಿಗೆ ತೆರೆದಾಗ 'ಫುಲ್ ಸೆಲ್ಫ್ ಡ್ರೈವಿಂಗ್'ಗೆ ಹೆಚ್ಚುವರಿ 6 ಲಕ್ಷ ರೂಪಾಯಿ ಬೆಲೆ ನಮೂದಿಸಿತು. ಚಾಲಕರ ಕೆಲಸ ಕಸಿಯುವ ಕಾರುಗಳನ್ನು ಭಾರತಕ್ಕೆ ಬಿಡುವುದಿಲ್ಲವೆಂದು ಸಾರಿಗೆ ಸಚಿವ ನಿತಿನ್ ಗಡ್ಕರಿ 2023ರಲ್ಲೇ ಹೇಳಿದ್ದರು. ಆದರೆ ಎಕ್ಸ್‌ಯುವಿ700ನಂಥ ಕಾರುಗಳ ಮೂಲಕ ಎಡಾಸ್ (ಚಾಲಕನಿಗೆ ನೆರವಾಗುವ ವ್ಯವಸ್ಥೆ) ಹೆಸರಿನಲ್ಲಿ ಇದರ ಮೊದಲ ಮೆಟ್ಟಿಲು ಬೆಂಗಳೂರು-ಮೈಸೂರು ರಸ್ತೆಗೆ ಬಂದು ವರ್ಷಗಳಾದವು. ಜಗತ್ತಿನ ಎಷ್ಟೋ ಕಾರುಗಳಿಗೆ ಬೇಕಾದ ಇಂಥ ತಂತ್ರಾಂಶದ ಒಂದು ಪಾಲು ಸಿದ್ಧವಾಗುವುದೂ ಬೆಂಗಳೂರಿನಲ್ಲೇ. ಲೇನ್ ಗೆರೆ ಅಳಿಸಿದ ಕಡೆ, ಎದುರು ದಿಕ್ಕಿನಲ್ಲಿ ಸ್ಕೂಟರ್ ಬರುವ ಕಡೆ ಅದನ್ನು ಬಂದ್ ಮಾಡುವುದೇ ಕ್ಷೇಮ ಎಂಬುದನ್ನು ನಮ್ಮ ಚಾಲಕರು ಬೇಗ ಕಲಿತಿದ್ದಾರೆ. ನಮ್ಮ ರಸ್ತೆ ಸದ್ಯಕ್ಕೆ ಯಾರನ್ನೂ ಮೈಮರೆಯಲು ಬಿಡುವುದಿಲ್ಲ. ನೇರ, ನುಣುಪು ಎಕ್ಸ್‌ಪ್ರೆಸ್‌ವೇಗಳು ಹೆಚ್ಚಿದಂತೆ ಇದು ಬದಲಾಗುತ್ತದೆ, ಆಗ ಅಮೆರಿಕದ ಈ ಹತ್ತು ವರ್ಷದ ಪಾಠ ನಮಗೆ ಬೇಕಾಗುತ್ತದೆ.

ಇಂಥ ಕಾರನ್ನು ಓಡಿಸಿ ನೋಡುವ ಅವಕಾಶ ಸಿಕ್ಕರೆ ಖಂಡಿತ ನೋಡಿ. ಬೆರಗಾಗುವಂಥದ್ದು ಅದರಲ್ಲಿದೆ. ಆದರೆ ಫೋನನ್ನು ಕೈಗೆಟುಕದ ಕಡೆ ಇಟ್ಟು, ಕೈಯನ್ನು ಸ್ಟೀರಿಂಗ್ ಬಳಿಯೇ ಇಟ್ಟುಕೊಂಡು ನೋಡಿ. ಮೊದಲ ವಾರದ ಭಯಕ್ಕಿಂತ ಮೂರನೇ ತಿಂಗಳ ನೆಮ್ಮದಿಯ ಬಗ್ಗೆ ಹೆಚ್ಚು ಜಾಗರೂಕರಾಗಿರಿ. ಕೊಳ್ಳುವ ಮನಸ್ಸಾದರೆ, ದುಡ್ಡು ಎಣಿಸುವ ಮುನ್ನ ಮಾರುವವರನ್ನು ಎರಡು ಪ್ರಶ್ನೆ ಕೇಳಿ: ನಮ್ಮ ರಸ್ತೆಗಳಲ್ಲಿ ಇದರ ಅಪಘಾತದ ಲೆಕ್ಕ ಎಲ್ಲಿದೆ? ಕಾರು ತಾನೇ ಓಡುವಾಗ ಗುದ್ದಿದರೆ ಹೊಣೆ ಯಾರದು? ಎರಡಕ್ಕೂ ಬರಹದಲ್ಲಿ ಉತ್ತರ ಸಿಗುವವರೆಗೆ ಹಣ ಕೊಡಬೇಡಿ.